ಕಾಲೇಜಿನ ಹೊಸ ಕಟ್ಟಡಕ್ಕೆ ಮಣ್ಣಿನ ಬ್ಲಾಕು: ಬೇಕೇ, ಬೇಡವೇ?

ಪರ: ಗೋಡೆ ಮಣ್ಣಿನದೇ ಇರಲಿ
(ಸಿವಿಲ್ ಎಂಜಿನಿಯರಿಂಗ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು)

ಯಾವ ಊರಿಗೆ ಹೋದರೂ ಹೊಸ ಕಾಲೇಜುಗಳೆಲ್ಲ ಒಂದೇ ಥರ ಕಾಣುತ್ತವೆ. ಮುಂದೆ ನೀಲಿ ಗಾಜು, ಅಂಚಿಗೆ ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟು, ಒಳಗೆ ಕಾಂಕ್ರೀಟು. ಗಾಜು ಪಶ್ಚಿಮಕ್ಕಿದ್ದರಂತೂ ಮುಗಿಯಿತು, ಮಧ್ಯಾಹ್ನದ ಮೇಲೆ ಒಳಗೆ ಕೂರಲು ಆಗುವುದಿಲ್ಲ. ಪರದೆ ಎಳೆಯುತ್ತಾರೆ. ಎಳೆದರೆ ಕತ್ತಲು. ಕತ್ತಲಾದರೆ ಟ್ಯೂಬ್‌ಲೈಟು. ಬಿಸಿಲಿಗೆ ಬರವಿಲ್ಲದ ನಾಡಿನಲ್ಲಿ ಹಗಲುಹೊತ್ತು ದೀಪ ಹಾಕಿ ಪಾಠ ಮಾಡಬೇಕು! ಆಮೇಲೆ ತಾರಸಿಯಲ್ಲಿ ಒಂದಷ್ಟು ಸೋಲಾರ್ ಪ್ಯಾನೆಲ್ ಕೂರಿಸಿ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹೊತ್ತಿಗೆ ‘ಹಸಿರು ಕ್ಯಾಂಪಸ್’ ಎಂದು ಬೋರ್ಡು ಹಾಕುತ್ತಾರೆ.

ಪ್ಯಾನೆಲ್ ಬೇಡ ಎನ್ನುತ್ತಿಲ್ಲ. ಆದರೆ ಕರೆಂಟು ಬಿಲ್ಲು ಶುರುವಾಗುವ ಮೊದಲೇ, ಕಟ್ಟುವಾಗಲೇ ದೊಡ್ಡ ಪಾಲು ಕಾರ್ಬನ್ ಗಾಳಿಗೆ ಸೇರಿಯಾಗಿರುತ್ತದೆ. ಸಿಮೆಂಟು ಮಾಡಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಕಲ್ಲಿದ್ದಲಿನ ಹೊಗೆ ಒಂದು ಕಡೆ. ಕಲ್ಲಿನೊಳಗೇ ಇರುವ ಕಾರ್ಬನ್ ಡೈಆಕ್ಸೈಡ್ ಹೊರಬರುವುದು ಇನ್ನೊಂದು ಕಡೆ. ಅದೇ ಜಾಸ್ತಿ. ಜಗತ್ತು ಹೊರಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು 7-8% ಸಿಮೆಂಟಿನದು. ಇಟ್ಟಿಗೆ ಗೂಡಿನ ಕಥೆ ಬೇರೆ ಹೇಳಬೇಕೇ? ಸೌದೆ, ಕಲ್ಲಿದ್ದಲು, ಏನು ಸಿಕ್ಕಿದರೆ ಅದು.

ಇದಕ್ಕೆ ಪರಿಹಾರ ಹುಡುಕಿ ಯಾರೂ ವಿದೇಶಕ್ಕೆ ಹೋಗಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಶುರುಮಾಡಿದರು. ಹಳ್ಳಿಗೆ ಆಗಿಬರುವ ವಿಜ್ಞಾನ ಅದರ ಗುರಿ. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿಯಂಥವರು ಅಲ್ಲಿ ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೆಂಪು ಮಣ್ಣನ್ನು ಜರಡಿ ಹಿಡಿದು, ಬೇಕಾದಷ್ಟು ಮರಳು ಬೆರೆಸಿ, ನೂರಕ್ಕೆ ಆರರಿಂದ ಎಂಟು ಪಾಲು ಸಿಮೆಂಟು ಹಾಕಿ, ಕೈಯಲ್ಲಿ ಒತ್ತುವ ಯಂತ್ರದಲ್ಲಿ ಒತ್ತಬೇಕು. ಮೂರು ನಾಲ್ಕು ವಾರ ನೀರುಣಿಸಬೇಕು. ಅಷ್ಟೇ, ಸುಡುವ ಕೆಲಸವೇ ಇಲ್ಲ. ಈ ಇಬ್ಬರೂ 2003ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ. ಸುಟ್ಟ ಇಟ್ಟಿಗೆ ಗೋಡೆಗೆ ಒಂದು ಘನ ಮೀಟರಿಗೆ ಸುಮಾರು 2,100 ಮೆಗಾಜೂಲ್ ಶಕ್ತಿ ಬೇಕು. ಮಣ್ಣಿನ ಬ್ಲಾಕಿನ ಗೋಡೆಗೆ 650ರಿಂದ 800 ಸಾಕು. ಇನ್ನೇನು ಬೇಕು?

ಮಳೆಗೆ ಕರಗುವುದಿಲ್ಲವೇ ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ನಾನು ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ. ಇಂಥ ಬ್ಲಾಕಿಗೆಂದೇ ಐಎಸ್ 1725 ಎಂಬ ಭಾರತೀಯ ಮಾನದಂಡ ಇದೆ, 2013ರಲ್ಲಿ ಪರಿಷ್ಕರಣೆಯೂ ಆಗಿದೆ, ಓದಿಕೊಳ್ಳಲಿ. ಬೇಡ ಎನ್ನುವವರ ನಿಜವಾದ ಚಿಂತೆ ಮಳೆಯಲ್ಲ. ಬ್ಲಾಕನ್ನು ಸೈಟಿನಲ್ಲೇ ಒತ್ತಿದರೆ ನಡುವೆ ಸಿಗುವ ಕಮಿಷನ್ ಎಲ್ಲಿಂದ ಬರಬೇಕು, ಅದು ಚಿಂತೆ.

ಬೆಂಗಳೂರಿನ ಐಐಎಂ ಕ್ಯಾಂಪಸ್ಸನ್ನೊಮ್ಮೆ ನೋಡಿ ಬನ್ನಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಮಾಡಿದ ವಿನ್ಯಾಸ. ಒರಟು ಕಲ್ಲಿನ ಗೋಡೆ, ಉದ್ದುದ್ದ ಪಡಸಾಲೆ, ಅಂಗಳ, ಮೇಲೆ ಬಳ್ಳಿ ಹಬ್ಬಿದ ಚಪ್ಪರ. ಕ್ಲಾಸಿನಿಂದ ಕ್ಲಾಸಿಗೆ ಹೋಗುವ ದಾರಿಯೇ ತಂಪು. ತಿರುವನಂತಪುರದಲ್ಲಿ ಇನ್ನೊಬ್ಬ ವಾಸ್ತುಶಿಲ್ಪಿ ಲಾರಿ ಬೇಕರ್ 1970ರ ದಶಕದಲ್ಲಿ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಇನ್ನೂ ಜೋರು. ಇಟ್ಟಿಗೆಯಲ್ಲೇ ಜಾಲಂಧ್ರ ಬಿಟ್ಟು ಗಾಳಿ ಆಡಿಸಿದರು. ಇಟ್ಟಿಗೆಯನ್ನು ನಿಲ್ಲಿಸಿ, ನಡುವೆ ಪೊಳ್ಳು ಬಿಟ್ಟು ಕಟ್ಟುವ ಅವರ ರೀತಿಯಲ್ಲಿ ಕಾಲುಭಾಗ ಇಟ್ಟಿಗೆ ಉಳಿಯುತ್ತದೆ. ಈ ಎರಡೂ ಮಣ್ಣಿನ ಬ್ಲಾಕಿನವಲ್ಲ, ಗೊತ್ತು. ಗಾಜಿಲ್ಲದೆಯೂ ದೊಡ್ಡ ಸಂಸ್ಥೆ ದೊಡ್ಡದಾಗಿಯೇ ಕಾಣುತ್ತದೆ ಎನ್ನಲು ಹೇಳಿದೆ.

ನೆಲಮಹಡಿ, ಮೇಲೆ ಎರಡು. ಕಾಲೇಜಿಗೆ ಅಷ್ಟು ಸಾಕು. ಆ ಎತ್ತರಕ್ಕೆ ಗೋಡೆಯೇ ಭಾರ ಹೊರುತ್ತದೆ, ಕಾಂಕ್ರೀಟ್ ಕಂಬಗಳ ಕಾಡು ಬೇಡ, ಲಿಫ್ಟೂ ಒಂದಿದ್ದರೆ ಆಯಿತು. ನಾಲ್ಕೈದು ಮಹಡಿ ಬೇಕೇ ಬೇಕು ಎನ್ನುವವರು ಆಮಂತ್ರಣ ಪತ್ರಿಕೆಯ ಫೋಟೋಗೆ ಕಟ್ಟುತ್ತಿದ್ದಾರೆ, ಮಕ್ಕಳಿಗಲ್ಲ.

ವಿರೋಧ: ಮೆಗಾಜೂಲ್ ಸರಿ, ಮಾರ್ಚ್ 31ಕ್ಕೆ ಏನು ಮಾಡೋಣ?
(ಕಾಲೇಜಿನ ಕಟ್ಟಡ ಸಮಿತಿಯಲ್ಲಿರುವ ವಾಣಿಜ್ಯ ಅಧ್ಯಾಪಕಿ, ಗದಗ ಜಿಲ್ಲೆ)

ವಿರೋಧ ಬರೆಯಿರಿ ಮೇಡಂ ಎಂದರು, ಬರೆಯುತ್ತಿದ್ದೇನೆ. ಗಾಜಿನ ಪರ ಬರೆಯಿರಿ ಎನ್ನಲಿಲ್ಲವಲ್ಲ, ಪುಣ್ಯ.

ಸರ್ ‘ಕೆಂಪು ಮಣ್ಣು’ ಎಂದು ಸುಲಭವಾಗಿ ಹೇಳಿಬಿಟ್ಟರು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಆ ಮಣ್ಣಿನಲ್ಲಿ ನೇರವಾಗಿ ಬ್ಲಾಕು ಒತ್ತಲು ಬರುವುದಿಲ್ಲ. ಸುಣ್ಣ ಬೆರೆಸಿ ಹದ ಮಾಡಬೇಕು, ಇಲ್ಲವೇ ಕೆಂಪು ಮಣ್ಣನ್ನು ಲಾರಿಯಲ್ಲಿ ತರಬೇಕು. ಲಾರಿ ಏನು ಗಾಳಿಯಲ್ಲಿ ಓಡುತ್ತದೆಯೇ? ಮೆಗಾಜೂಲ್ ಲೆಕ್ಕವನ್ನು ಸರ್ ಒಮ್ಮೆ ನಮ್ಮ ಆಡಿಟ್‌ನವರ ಮುಂದೆ ಇಟ್ಟು ನೋಡಲಿ. ಅನುದಾನ ಬರುವುದು ತಡವಾಗಿ, ಖರ್ಚು ಮುಗಿಯಬೇಕಾದದ್ದು ಮಾರ್ಚ್ 31ರೊಳಗೆ. ನಡುವೆ ನಾಲ್ಕು ವಾರ ಬ್ಲಾಕಿಗೆ ನೀರು ಹಾಕುತ್ತ ಕೂರಬೇಕು. ಅದೂ ನೀರೇ ಇಲ್ಲದ ಕಾಲದಲ್ಲಿ.

ಜಾಗವೂ ಇಲ್ಲ. ಊರ ನಡುವಿನ ಕಾಲೇಜು ಮೇಲಕ್ಕೇ ಬೆಳೆಯಬೇಕು. ಮೇಲಕ್ಕೆ ಹೋದರೆ ಕಂಬ, ತೊಲೆ, ಸ್ಲ್ಯಾಬು ಬಂದೇ ಬರುತ್ತವೆ, ಸಿಮೆಂಟು ಕಬ್ಬಿಣವೆಲ್ಲ ಅಲ್ಲೇ ಹೋಗುತ್ತದೆ. ಆಮೇಲೆ ನಡುವಿನ ಗೋಡೆ ಮಣ್ಣಿನದಾದರೆಷ್ಟು, ಬಿಟ್ಟರೆಷ್ಟು?

ನಾನು ಮೊದಲು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಇಂಥದ್ದೇ ಒಂದು ಸ್ಟಾಫ್ ರೂಮು ಇತ್ತು. ಹುರುಪಿನ ಎಂಜಿನಿಯರ್ ಒಬ್ಬರು ಕಟ್ಟಿಸಿದ್ದು. ಪ್ಲಾಸ್ಟರ್ ಇಲ್ಲ, ಬಣ್ಣ ಇಲ್ಲ, ನೋಡಲು ಚೆಂದ. ಅವರಿಗೆ ವರ್ಗವಾಯಿತು. ಮುಂದಿನ ಮಳೆಗಾಲದಲ್ಲಿ ತಾರಸಿ ನೀರಿನ ಪೈಪು ಒಡೆದು, ಒಂದು ಮೂಲೆಯ ಗೋಡೆ ಕೆಳಗಿನಿಂದ ಸವೆಯತೊಡಗಿತು. ಪೈಪು ಬದಲಿಸಲು ಪತ್ರ ಬರೆದೆವು. ಉತ್ತರ ಬಂದದ್ದು ಮಳೆ ನಿಂತ ಮೇಲೆ. ಗೌಂಡಿಯನ್ನು ಕರೆಸಿದರೆ, ‘ಇದು ನಮಗ ಗೊತ್ತಿಲ್ರಿ ಅಕ್ಕಾರ’ ಎಂದು ದಪ್ಪಗೆ ಸಿಮೆಂಟ್ ಮೆತ್ತಿ ಹೋದ. ಅದು ಮರುವರ್ಷ ಹಪ್ಪಳದಂತೆ ಎದ್ದು ಬಂತು. ಹೊಸ ಪ್ರಿನ್ಸಿಪಾಲರು ಒಳಗೆ ಇಣುಕಿ ನೋಡಿ ‘ಸ್ಟೋರ್ ರೂಮ್ ಮಾಡಿ’ ಎಂದರು. ಹಳೆಯ ಉತ್ತರ ಪತ್ರಿಕೆಗಳ ಕಟ್ಟು ಅಲ್ಲಿ ಬಿದ್ದವು, ಅವಕ್ಕೆ ಗೆದ್ದಲೂ ಬಂತು. ಇಷ್ಟಾದರೂ ಏಪ್ರಿಲ್ ತಿಂಗಳಲ್ಲಿ ವ್ಯಾಲ್ಯುಯೇಷನ್‌ಗೆ ಕೂರಲು ಎಲ್ಲರೂ ಅದೇ ಕೋಣೆಯ ಬೀಗದ ಕೈ ಕೇಳುತ್ತಿದ್ದರು. ಅಷ್ಟು ತಂಪು. ವಿರೋಧದ ಲೇಖನದಲ್ಲಿ ಇದನ್ನು ಬರೆಯಬಾರದೇನೋ.

ತಪ್ಪು ಪೈಪಿನದು, ಮಣ್ಣಿನದಲ್ಲ ಎಂದು ಸರ್ ಹೇಳುತ್ತಾರೆ, ಗೊತ್ತು. ಆದರೆ ಪೈಪು ಒಡೆಯುವ, ಪತ್ರಕ್ಕೆ ಉತ್ತರ ಬಾರದ ಕಾಲೇಜಿಗೇ ಅಲ್ವಾ ನಾವು ಕಟ್ಟಡ ಕಟ್ಟುತ್ತಿರುವುದು? ರಿಪೇರಿ ಗೊತ್ತಿರುವ ಗೌಂಡಿ ನಮ್ಮೂರಲ್ಲಿ ಸಿಗುವ ತನಕ ಸಮಿತಿಯಲ್ಲಿ ನನ್ನ ಕೈ ಸುಟ್ಟ ಇಟ್ಟಿಗೆಗೇ ಏಳುತ್ತದೆ. ಕಿಟಕಿ ಮಾತ್ರ ಉತ್ತರ, ದಕ್ಷಿಣಕ್ಕೆ ಇಡಿಸಿ. ಮೇಲೆ ಸಜ್ಜಾ ಎರಡೂವರೆ ಅಡಿ ಮುಂದೆ ಬರಲಿ. ಇವೆರಡನ್ನು ಸರ್ ಬೇಕಾದರೆ ತಮ್ಮ ಲೆಕ್ಕಕ್ಕೆ ಬರೆದುಕೊಳ್ಳಲಿ.