ಬೆಳ್ಳಂದೂರು ಕೆರೆಗೊಂದು ಅಪ್ರದಕ್ಷಿಣೆ

ನಮ್ಮ ಚಿಕ್ಕಮ್ಮನ ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಲಾಂಗ್ ವೀಕೆಂಡ್ ಬಂತು ಅಂದ್ರೆ ಪುಳಿಯೋಗರೆ ಡಬ್ಬಿ, ಚಕ್ಕುಲಿ ಪೊಟ್ಟಣ ಕಾರಿಗೆ ತುಂಬಿಕೊಂಡು ಲೇಕ್ ಟಾಹೋ ಅನ್ನೋ ಸರೋವರಕ್ಕೆ ಹೊರಟುಬಿಡುತ್ತಾನೆ. ಅದರ ಸುತ್ತ 116 ಕಿಲೋಮೀಟರ್ ರಸ್ತೆ ಇದೆ. ಒಂದು ಕಡೆ ಪೈನ್ ಮರ, ಇನ್ನೊಂದು ಕಡೆ ನೀಲಿ ನೀರು, ಆಚೆ ಹಿಮದ ಬೆಟ್ಟ. ಒಂದು ಸುತ್ತು ಮುಗಿಸುವುದರೊಳಗೆ ನಮ್ಮ ಫ್ಯಾಮಿಲಿ ಗ್ರೂಪಿಗೆ ನೂರು ಫೋಟೋ ಬಂದಿರುತ್ತವೆ. ತೊಂಬತ್ತರಲ್ಲಿ ಅವನ ಮುಖ, ಹತ್ತರಲ್ಲಿ ಕೆರೆ. ನಾವು ಎಲ್ಲದಕ್ಕೂ ಒಂದೊಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೇವೆ.

2022ರ ಡಿಸೆಂಬರಿನಲ್ಲಿ ಅವನು ಹೆಂಡತಿ ಮತ್ತು ಹತ್ತು ವರ್ಷದ ಮಗಳ ಜೊತೆ ಕೋರಮಂಗಲದ ನಮ್ಮ ಮನೆಗೆ ಬಂದ. ತಿಂಡಿ ಆಯಿತು, ಕಾಫಿ ಆಯಿತು, ಟಾಹೋ ಶುರುವಾಯಿತು.

'ಅಣ್ಣಾ, ನೀರು ಎಷ್ಟು ತಿಳಿ ಇದೆ ಅಂತ ನೋಡೋಕೆ ಊಟದ ತಟ್ಟೆಯಷ್ಟು ದೊಡ್ಡ ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಒಳಗೆ ಬಿಡ್ತಾರೆ. ಎಷ್ಟು ಆಳದವರೆಗೆ ಕಾಣುತ್ತೋ ಅದೇ ಲೆಕ್ಕ. 1968ರಲ್ಲಿ 31 ಮೀಟರ್ ಕಾಣ್ತಿತ್ತು. ಈಗ 20ರ ಆಸುಪಾಸಿಗೆ ಬಂದಿದೆ. ಅಲ್ಲಿನ ಜನಕ್ಕೆ ತುಂಬಾ ಬೇಜಾರು.'

ಕೇಳಿ ನನಗೂ ಬೇಜಾರಾಯಿತು. ನಮ್ಮ ಕೆರೆಗೆ ತಟ್ಟೆ ಬಿಟ್ಟರೆ ಅದು ಮುಳುಗುವುದೇ ಇಲ್ಲ, ಜೊಂಡಿನ ಮೇಲೋ ನೊರೆ ಮೇಲೋ ಆರಾಮಾಗಿ ಕೂರುತ್ತೆ. ಹಗ್ಗದ ಖರ್ಚು ಉಳಿಯಿತು. ಆದರೆ ಸ್ವಾಭಿಮಾನ ಅಂತ ಒಂದಿರುತ್ತಲ್ಲ.

'ಸುಮ್ನಿರೋ, ನಮ್ಮಲ್ಲೂ ಕೆರೆ ಇದೆ' ಅಂದೆ. 'ಬೆಂಗಳೂರಿಗೇ ದೊಡ್ಡದು. ಹತ್ತಿರ ಹತ್ತಿರ 900 ಎಕರೆ. ಸುತ್ತ ರೋಡಿದೆ. ನಾಳೆ ಒಂದು ರೌಂಡ್ ಹೊಡೆಯೋಣ.'

'ಬೆಳ್ಳಂದೂರಾ? ಬೆಂಕಿ ಬಿದ್ದ ಕೆರೆ ಅಲ್ವಾ ಅದು?'

ಮಗಳ ಕಣ್ಣು ಅರಳಿತು. ಪಾಪ, ಟಾಹೋದಲ್ಲಿ ಅವಳಿಗೆ ಯಾರೂ ನೀರು ಹತ್ತಿ ಉರಿಯುವುದನ್ನು ತೋರಿಸಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ದೊಡ್ಡ ಕ್ಯಾಬ್ ಬಂತು. ಡ್ರೈವರ್ ಕೋಲಾರದ ಕಡೆಯವನು. ಅಮ್ಮನೂ ಹೊರಟರು. ಕೆರೆಗೆ ಪ್ರದಕ್ಷಿಣೆ ಅಂದಾಗ ಅವರು ಅದನ್ನು ಪೂಜೆ ಲೆಕ್ಕಕ್ಕೆ ತೆಗೆದುಕೊಂಡು, ಒಂದು ಕವರಿನಲ್ಲಿ ಹೂವು ಅರಿಶಿನ ಕುಂಕುಮ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕೆರೆಗೆ ಬಾಗಿನ ಕೊಟ್ಟು ಬೆಳೆದ ಕಾಲದವರು ಅವರು. ಅಗರ ದಾಟಿ ಇಬ್ಬಲೂರು ಜಂಕ್ಷನ್ ಬರುವಷ್ಟರಲ್ಲೇ ತಕರಾರು ಎದ್ದಿತು.

'ಕೆರೆ ಎಡಗಡೆ ಇದೆಯಲ್ಲೋ. ಪ್ರದಕ್ಷಿಣೆ ಅಂದ್ರೆ ಬಲಕ್ಕಿರಬೇಕು. ಇದು ಅಪ್ರದಕ್ಷಿಣೆ. ಅಪ್ರದಕ್ಷಿಣೆ ಬರೋದು ಯಾವಾಗ ಗೊತ್ತಾ?'

ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಡ್ರೈವರ್ ಮಾತ್ರ, 'ಯೂ ಟರ್ನ್ ಇಲ್ಲಮ್ಮಾ ಇಲ್ಲಿ' ಅಂದ.

ಔಟರ್ ರಿಂಗ್ ರೋಡಿಗೆ ಬಂದೆವು. ಪ್ರವಾಸದ ಮುಖ್ಯ ಭಾಗ ಇದೇ. ಟಾಹೋದಲ್ಲಿ ನೋಟ ಚೆನ್ನಾಗಿರುವ ಕಡೆ ಗಾಡಿ ನಿಲ್ಲಿಸಲು ಜಾಗ ಹುಡುಕಬೇಕಂತೆ. ನಮಗೆ ಆ ಕಷ್ಟವಿಲ್ಲ, ಇಲ್ಲಿ ಗಾಡಿ ತಾನಾಗೇ ನಿಲ್ಲುತ್ತೆ. ಮಧ್ಯದಲ್ಲಿ ಮೆಟ್ರೋ ಕಂಬಗಳು ಮೇಲೇಳುತ್ತಿದ್ದವು. ಕೆರೆ ಎಡಕ್ಕೆ ಇದ್ದದ್ದು ನಿಜ, ಆದರೆ ಕಾಣುತ್ತಿರಲಿಲ್ಲ. ನಡುವೆ ಅಪಾರ್ಟ್‌ಮೆಂಟ್‌ಗಳು. ಅವಕ್ಕೆಲ್ಲ ಲೇಕ್ ವ್ಯೂ ಉಂಟು, ಬಾಕಿಯವರಿಗೆ ಲೇಕ್ ವ್ಯೂ ಇರುವವರ ವ್ಯೂ. ನನ್ನ ಸ್ನೇಹಿತನೊಬ್ಬ ಕೆರೆ ಕಡೆಗೆ ಬಾಲ್ಕನಿ ಬೇಕು ಅಂತ ಜಾಸ್ತಿ ದುಡ್ಡು ಕೊಟ್ಟು ಫ್ಲ್ಯಾಟ್ ತಗೊಂಡ. ಆಮೇಲೆ ಆ ಬಾಲ್ಕನಿಗೆ ಗಾಜು ಹಾಕಿಸಲು ಇನ್ನಷ್ಟು ಕೊಟ್ಟ. ಗಾಜು ಹಾಕಿದ ಮೇಲೂ ಅವರ ಮನೆ ದೇವರ ಬೆಳ್ಳಿ ದೀಪ ವಾರಕ್ಕೊಮ್ಮೆ ಕರ್ರಗಾಗುತ್ತೆ. ಅವನ ಹೆಂಡತಿ ಶುಕ್ರವಾರ ಶುಕ್ರವಾರ ವಿಭೂತಿ ಹಾಕಿ ಉಜ್ಜುತ್ತಾ ಕೆರೆಯನ್ನು ನೆನೆಯುತ್ತಾರೆ. ಅವರ ಮಾತನ್ನು ಇಲ್ಲಿ ಬರೆಯಲಾರೆ.

ಕೆರೆಗೂ ಕಟ್ಟಡಕ್ಕೂ ನಡುವೆ ಎಷ್ಟು ದೂರ ಇರಬೇಕು ಅನ್ನುವುದೇ ದೊಡ್ಡ ಕಥೆ. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 75 ಮೀಟರ್ ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಿಗಿಟ್ಟಿತು, ಮತ್ತೆ ಮಾಸ್ಟರ್ ಪ್ಲಾನಿನ 30 ಮೀಟರೇ ಉಳಿಯಿತು. ನೀರು ಮಾತ್ರ ತೀರ್ಪಿನ ಪ್ರತಿ ಓದಿರಲಿಲ್ಲ. 2022ರ ಸೆಪ್ಟೆಂಬರಿನ ಮಳೆಗೆ ಅದು 30ನ್ನೂ ದಾಟಿತು, 75ನ್ನೂ ದಾಟಿತು, ಇದೇ ರಿಂಗ್ ರೋಡನ್ನೂ ದಾಟಿತು. ನಾವೆಲ್ಲ ಟೀವಿಯಲ್ಲಿ ನೋಡಿದ್ದೆವಲ್ಲ, ಐಟಿ ಮಂದಿ ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕಬ್ಬಿನ ಹಾಗೆ ನಿಂತು ಆಫೀಸಿಗೆ ಹೋಗುತ್ತಿದ್ದರು. ಯಮಲೂರಿನ ವಿಲ್ಲಾಗಳಿಂದ ಕೋಟ್ಯಧಿಪತಿಗಳನ್ನು ದೋಣಿಯಲ್ಲಿ ಕರೆತಂದರು. ಟಾಹೋದಲ್ಲಿ ದೋಣಿ ವಿಹಾರಕ್ಕೆ ಕೆರೆ ಹತ್ತಿರ ಹೋಗಬೇಕು. ನಮ್ಮಲ್ಲಿ ಕೆರೆಯೇ ಮನೆ ಬಾಗಿಲಿಗೆ ಬರುತ್ತೆ. ಇದನ್ನು ತಮ್ಮನಿಗೆ ಹೇಳಿದೆ, ಅವನು ಕಿಟಕಿ ಕಡೆ ತಿರುಗಿಕೊಂಡ.

ಕರಿಯಮ್ಮನ ಅಗ್ರಹಾರದ ಬಳಿ ಎಡಕ್ಕೆ ಹೊರಳಿ ಯಮಲೂರು ಕೋಡಿಗೆ ಬಂದೆವು. ಊರಿನ ಹೆಸರು ಕೇಳಿ ಅಮ್ಮ ಇನ್ನೊಮ್ಮೆ ನನ್ನ ಮುಖ ನೋಡಿದರು.

ಈ ಕೋಡಿ ನೋಡಲೇಬೇಕಾದ ಜಾಗ. ಊರಿನ ಕೊಳಚೆಯಲ್ಲಿ ಸುಮಾರು ಶೇ 40 ಈ ಕೆರೆಗೆ ಬರುತ್ತೆ ಅನ್ನುವುದು ಹಳೇ ಲೆಕ್ಕ. ನಮ್ಮ ಸೋಪು, ಶಾಂಪೂ, ಬಟ್ಟೆ ಒಗೆಯೋ ಪುಡಿ ಎಲ್ಲ ಹೂಳಿನಲ್ಲಿ ಕೂತಿರುತ್ತೆ. ಮಳೆ ಬಂದು ನೀರು ಜೋರಾದಾಗ ಅದು ಕಲಕಿ ಮೇಲೆದ್ದು ಕೋಡಿಯಿಂದ ಕೆಳಕ್ಕೆ ಬೀಳುತ್ತೆ. ಲೋಟ ಡಬರಿ ಹಿಡಿದು ಕಾಫಿಯನ್ನು ಎತ್ತಿ ಹೊಯ್ದ ಹಾಗೆ. ನೊರೆ ಬಾರದೆ ಇನ್ನೇನು ಬರುತ್ತೆ?

2017ರ ಆಗಸ್ಟಿನ ಮಳೆಯಲ್ಲಿ ನಾನು ಸ್ಕೂಟರಿನಲ್ಲಿ ಈ ಸೇತುವೆ ದಾಟಿದ್ದೆ. ದೂರದಿಂದ ನೋಡಿದರೆ ಕಾಶ್ಮೀರ. ಹತ್ತಿರ ಬಂದಾಗ ದಿಂಬಿನಷ್ಟು ದೊಡ್ಡ ಒಂದು ಉಂಡೆ ಗಾಳಿಗೆ ಎದ್ದು, ಅವಸರವಿಲ್ಲದೆ ತೇಲಿಕೊಂಡು ಬಂದು, ನನ್ನ ಹೆಲ್ಮೆಟ್ಟಿನ ಮೇಲೆ ಕೂತಿತು. ತೂಕವೇ ಇರಲಿಲ್ಲ. ವೈಸರ್ ಪೂರ್ತಿ ಬೆಳ್ಳಗಾಯಿತು. ಒರೆಸಿದೆ, ಕೈ ತುರಿಸಿತು. ಹಿಂದೆ ಹಾರ್ನ್, ಮುಂದೆ ಏನೂ ಕಾಣುತ್ತಿಲ್ಲ. ಪಕ್ಕದಲ್ಲಿ ಒಬ್ಬ ಹುಡುಗ ಅದೇ ನೊರೆಯ ಮುಂದೆ ನಿಂತು ಹೊಸದಾಗಿ ಮದುವೆಯಾದ ಹೆಂಡತಿಯ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋ ಗಾದೆ ಮಾಡಿದವನು ಬೆಳ್ಳಂದೂರಿನವನೇ ಇರಬೇಕು.

ಈ ನೊರೆಗೆ ಏನು ಔಷಧಿ? ಸೇತುವೆಗೆ ಬಲೆ ಕಟ್ಟಿದರು. ಆಳೆತ್ತರಕ್ಕೂ ಮೀರಿದ ತಂತಿ ಬಲೆ. ನೊರೆ ಇರಲಿ, ರಸ್ತೆಗೆ ಬರಬಾರದು ಅಷ್ಟೆ. ಮನೆಯಲ್ಲಿ ಸೊಳ್ಳೆ ಪರದೆಯೊಳಗೆ ನಾವು ಮಲಗುತ್ತೇವೆ, ಇಲ್ಲಿ ಕೆರೆಯನ್ನೇ ಪರದೆಯೊಳಗೆ ಮಲಗಿಸಿದ್ದಾರೆ. ಮುಂದಿನ ವರ್ತೂರು ಕೆರೆಯಲ್ಲೂ ಇದೇ ಚಿಕಿತ್ಸೆ, ಜೊತೆಗೆ ನೊರೆಯ ಮೇಲೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್. ಕಸ ಸುರಿಯುವವರನ್ನು ಹಿಡಿಯಲು ಮಾರ್ಷಲ್‌ಗಳು ಬಂದರು, ಸುರಿದರೆ 5 ಲಕ್ಷ ದಂಡ ಅಂತ ಹಸಿರು ನ್ಯಾಯಮಂಡಳಿ 2017ರಲ್ಲಿ ಆದೇಶಿಸಿತು. ಬೆಂಕಿ 2015ರಲ್ಲಿ ಬಿದ್ದಿತ್ತು, 2017ರಲ್ಲಿ ಬಿತ್ತು. 2018ರ ಜನವರಿಯಲ್ಲಿ ಬಿದ್ದಾಗಲಂತೂ ಸುಮಾರು 5000 ಸೈನಿಕರು ಬಂದು ಆರಿಸಬೇಕಾಯಿತು. ಒಂದು ಕೆರೆಯ ವಿರುದ್ಧ ಸೈನ್ಯ ಇಳಿಸಿದ ಊರು ನಮ್ಮದು. ಆ ವರ್ಷದ ಕೊನೆಗೆ ನ್ಯಾಯಮಂಡಳಿ ಸರ್ಕಾರಕ್ಕೇ 50 ಕೋಟಿ ದಂಡ ಹಾಕಿತು. ಸರ್ಕಾರದ ದುಡ್ಡು ಅಂದ್ರೆ ನಮ್ಮದೇ ಅಲ್ವಾ, ಅಂದರೆ ನೊರೆ ಮೆತ್ತಿಸಿಕೊಂಡವನೇ ದಂಡವನ್ನೂ ಕಟ್ಟಿದ ಲೆಕ್ಕ.

'ಈ ಕೆರೆ ಯಾರದು ಅಣ್ಣಾ?' ಅಂತ ತಮ್ಮ ಕೇಳಿದ.

ಕೆರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು. ಕೊಳಚೆ ನೀರು ಜಲಮಂಡಳಿಯದು. ಕಸ ಪಾಲಿಕೆಯದು. ನೊರೆ ಮಾಲಿನ್ಯ ನಿಯಂತ್ರಣ ಮಂಡಳಿಯದು. ಆಚೆ ದಡದ ಒಂದಷ್ಟು ಜಾಗ ಸೇನೆಯದು. ವಾಸನೆ ಸಾರ್ವಜನಿಕರದು.

ಗಾಡಿ ನಿಲ್ಲಿಸಿ ಇಳಿದೆವು. ಮಗಳು ಬಲೆಯ ಕಣ್ಣಿಗೆ ಕಣ್ಣು ಇಟ್ಟು ನೋಡಿದಳು. ದೂರದಲ್ಲಿ ಜೆಸಿಬಿ, ಟಿಪ್ಪರ್, ಗುಡ್ಡೆ ಗುಡ್ಡೆ ಕಪ್ಪು ಮಣ್ಣು, ಹಸಿರು ಜೊಂಡು.

'ದೊಡ್ಡಪ್ಪಾ, ಲೇಕ್ ಎಲ್ಲಿ?'

'ಇದೇ ಪುಟ್ಟಾ.'

'ವಾಟರ್ ಎಲ್ಲಿ?'

ಕೆರೆ ಸರಿಮಾಡೋಕೆ ನೀರು ತೆಗೆದಿದ್ದಾರೆ ಅಂತ ವಿವರಿಸಿದೆ. 2020ರಿಂದ ಹೂಳೆತ್ತುತ್ತಿದ್ದಾರೆ, ಕೊಳಚೆಗೆ ಬೇರೆ ಕಾಲುವೆ ಮಾಡಿ ಪಕ್ಕದಿಂದ ದಾಟಿಸುತ್ತಿದ್ದಾರೆ, ಗಡುವು ಮುಂದಕ್ಕೆ ಹೋಗುತ್ತಿದೆ ಅಂದೆ. ಅವಳಿಗೆ ಅದೆಲ್ಲ ಬೇಕಿರಲಿಲ್ಲ. ಬೆಂಕಿಯೂ ಇಲ್ಲ, ನೊರೆಯೂ ಇಲ್ಲ. 'ಸೀಸನ್ ಅಲ್ಲಮ್ಮ ಇದು' ಅಂತ ಡ್ರೈವರ್ ಸಮಾಧಾನ ಮಾಡಿದ. 'ಮಳೆಗಾಲದಲ್ಲಿ ಬರ್ಬೇಕು.' ಥೇಟ್ ಜೋಗದ ಗೈಡ್ ಹೇಳುವ ಧಾಟಿ.

ಅಮ್ಮ ಹೂವಿನ ಕವರ್ ಹಿಡಿದುಕೊಂಡು ನಿಂತೇ ಇದ್ದರು. ಎಸೆಯಲು ಬಲೆ ಅಡ್ಡ. ಕೊನೆಗೆ ಬಲೆಗೇ ಒಂದು ಸೇವಂತಿಗೆ ಸಿಕ್ಕಿಸಿ ಕೈ ಮುಗಿದು ಬಂದು ಕೂತರು.

ಇಷ್ಟು ಹೊತ್ತು ಅದುಮಿಟ್ಟುಕೊಂಡಿದ್ದನ್ನು ತಮ್ಮ ಆಗ ಹೊರಗೆ ಬಿಟ್ಟ. 'ಟಾಹೋದಲ್ಲಿ ಸುತ್ತಲಿನ ಊರುಗಳ ಕೊಳಚೆ ಇದೆಯಲ್ಲ ಅಣ್ಣಾ, ಶುದ್ಧ ಮಾಡಿದ ಮೇಲೂ ಒಂದು ಹನಿ ಕೆರೆಗೆ ಬಿಡಲ್ಲ. ಪಂಪ್ ಮಾಡಿ ಬೆಟ್ಟ ದಾಟಿಸಿ ಆಚೆ ಕಳಿಸ್ತಾರೆ. 1960ರ ದಶಕದ ಕೊನೆಯಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಮಾಡಿದ್ರು.'

'ಅದೇನು ಮಹಾ' ಅಂದೆ. 'ನಾವೂ ಆಚೆ ಕಳಿಸ್ತೀವಿ.'

'ಎಲ್ಲಿಗೆ?'

'ನಮ್ಮೂರಿಗೆ ಸಾರ್' ಅಂದ ಡ್ರೈವರ್, ಕನ್ನಡಿಯಲ್ಲಿ ನೋಡುತ್ತಾ. ಬೆಳ್ಳಂದೂರು ಕೆರೆ ಇರುವ ಕೋರಮಂಗಲ ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಶುರುವಾಯಿತು. ಒಂದು ತಿಂಗಳಿಗೆಲ್ಲ ಅಲ್ಲಿನ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಗಿ, ನಿಂತು, ಮತ್ತೆ ಹರಿಯಿತು. 'ಮೊದಲು ಬೋರ್‌ನಲ್ಲಿ ನೀರೇ ಇರ್ಲಿಲ್ಲ ಸಾರ್. ಈಗ ಇದೆ. ನೀವು ಸ್ನಾನ ಮಾಡಿದ್ರೆ ನಮ್ಗೆ ಟೊಮೇಟೊ. ಚೆನ್ನಾಗಿ ಸ್ನಾನ ಮಾಡಿ.' ತಮಾಷೆ ಮಾಡುತ್ತಿದ್ದಾನೋ, ನಿಜ ಹೇಳುತ್ತಿದ್ದಾನೋ ಅವನ ಮುಖದಿಂದ ಗೊತ್ತಾಗಲಿಲ್ಲ. ಎರಡೂ ಇರಬಹುದು.

ಹಳೇ ಏರ್‌ಪೋರ್ಟ್ ರಸ್ತೆಗೆ ಬಿದ್ದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಎಚ್‌ಎಎಲ್‌ನಲ್ಲಿ ಕ್ಯಾಟಲಿನಾ ಅನ್ನುವ ಸೀಪ್ಲೇನುಗಳ ರಿಪೇರಿ ನಡೆಯುತ್ತಿತ್ತು, ಅವು ಇಳಿಯುತ್ತಿದ್ದದ್ದು ಇದೇ ಬೆಳ್ಳಂದೂರು ಕೆರೆಯಲ್ಲಿ. ಆಗ ಆಕಾಶದಿಂದ ವಿಮಾನ ಕೆರೆಗೆ ಇಳಿಯುತ್ತಿತ್ತು. ಈಗ ಕೆರೆಯಿಂದ ನೊರೆ ಆಕಾಶಕ್ಕೆ ಹಾರುತ್ತೆ. ಸಂಚಾರವಂತೂ ನಿಂತಿಲ್ಲ. ದೊಮ್ಮಲೂರು, ಆಮೇಲೆ ಎಡಕ್ಕೆ ಗಾಲ್ಫ್ ಮೈದಾನ. ಇಡೀ ಸುತ್ತಿನಲ್ಲಿ ನಾವು ನೋಡಿದ ಚೊಕ್ಕ ನೀರು ಅಂದರೆ ಆ ಹುಲ್ಲಿಗೆ ಹೊಡೆಯುತ್ತಿದ್ದ ಪೈಪಿನದು.

ಕೊನೆಯ ಪ್ರೇಕ್ಷಣೀಯ ಸ್ಥಳ ಈಜಿಪುರ ಮೇಲ್ಸೇತುವೆ. 2017ರಲ್ಲಿ ಶುರುವಾಗಿ 2019ಕ್ಕೆ ಮುಗಿಯಬೇಕಾದದ್ದು. ನಾವು ಹೋದಾಗ ಗುತ್ತಿಗೆ ರದ್ದಾಗಿ ಕೆಲಸ ನಿಂತು, ಸಾಲಾಗಿ ಕಂಬಗಳು ಮಾತ್ರ ಇದ್ದವು.

'ಇದು ಹಂಪಿಯಾ?' ಅಂತ ಮಗಳು ಕೇಳಿದಳು. ಹಂಪಿಯ ಕಂಬಗಳ ಮೇಲೆ ಒಂದು ಕಾಲಕ್ಕಾದರೂ ಚಾವಣಿ ಇತ್ತು ಅಂತ ಹೇಳಬೇಕು ಅನ್ನಿಸಿತು, ಹೇಳಲಿಲ್ಲ.

ಸುಮಾರು ಇಪ್ಪತ್ತು ಕಿಲೋಮೀಟರ್ ಸುತ್ತಲು ಮೂರೂವರೆ ಗಂಟೆ ಆಗಿತ್ತು. ಪುಳಿಯೋಗರೆ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ. ಮನೆ ಮುಂದೆ ಇಳಿದಾಗ ಅಮ್ಮ ಎಲ್ಲರಿಗಿಂತ ಮುಂದೆ ಹೋಗಿ ಬಾಗಿಲಿಗೆ ಅಡ್ಡ ನಿಂತರು.

'ಯಾರೂ ಹಾಗೇ ಒಳಗೆ ಬರಬೇಡಿ. ಅಪ್ರದಕ್ಷಿಣೆ ಮುಗಿಸಿ ಬಂದಿದ್ದೀರಿ. ಮೊದಲು ಸ್ನಾನ, ತಲೆಗೇ. ಹಿಂದಿನ ಬಾಗಿಲಿಂದ ಬನ್ನಿ, ಏನೂ ಮುಟ್ಟಬೇಡಿ.'

ಒಬ್ಬೊಬ್ಬರಾಗಿ ಹೋದೆವು. ಅಮೆರಿಕದಿಂದ ತಂದಿದ್ದ ದೊಡ್ಡ ಶಾಂಪೂ ಬಾಟಲಿಯನ್ನು ತಮ್ಮ ಬಚ್ಚಲಲ್ಲೇ ಬಿಟ್ಟಿದ್ದ, ನಾನೂ ಒಂದು ಅಂಗೈ ಸುರಿದುಕೊಂಡೆ. ಚೆನ್ನಾಗಿ ನೊರೆ ಬಂತು. ನಾಲ್ಕು ಚೊಂಬು ನೀರು ಹಾಕಿಕೊಂಡಾಗ ಅದು ಕಾಲ ಸುತ್ತ ಬೆಳ್ಳಗೆ ಗುಡ್ಡೆಯಾಗಿ, ಜಾಲರಿಯ ಹತ್ತಿರ ಒಂದು ಸುತ್ತು ತಿರುಗಿ, ಗುಳುಗುಳು ಅಂತ ಒಳಗಿಳಿಯಿತು. ಪ್ರದಕ್ಷಿಣೆಯೋ ಅಪ್ರದಕ್ಷಿಣೆಯೋ ನೋಡಲಿಲ್ಲ. ಎಲ್ಲಿಗೆ ಹೋಗುತ್ತೆ ಅಂತ ಗೊತ್ತಲ್ಲ. ದಾರಿಯಲ್ಲಿ ಅದಕ್ಕೆ ಒಂದೂ ಸಿಗ್ನಲ್ ಇಲ್ಲ, ನಮಗಿಂತ ಬೇಗ ಮುಟ್ಟಿರುತ್ತೆ.