ವಾಹಕ ನಾಯಿಗಳನ್ನೆಲ್ಲ ಕೈಬಿಡಬೇಕಿಲ್ಲ

ಬೀಗಲ್ ತಳಿಯ ನಾಯಿಮರಿಗಳಲ್ಲಿ ಕಾಣುವ ಕಿರುಮೆದುಳು ಸವೆತದ (ನಡಿಗೆಯ ಹಿಡಿತ ತಪ್ಪಿಸುವ ಆನುವಂಶಿಕ ಕಾಯಿಲೆ) ಬಗ್ಗೆ ಈಚೆಗೆ ಓದಿದ ಬರಹ ಸರಿಯಾಗಿದೆ, ಆದರೆ ವಾಹಕ ನಾಯಿಗಳಿಗೆಲ್ಲ (ಜೀನ್‌ನ ಒಂದು ಪ್ರತಿ ಮಾತ್ರ ಕೆಟ್ಟಿದ್ದು, ತಾವು ಆರೋಗ್ಯವಾಗಿರುವ ನಾಯಿಗಳು) ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಅದರಲ್ಲಿ ಕೊಟ್ಟ ಸಲಹೆ ಒಪ್ಪುವಂಥದ್ದಲ್ಲ. ಎಸ್‌ಪಿಟಿಬಿಎನ್2 ಜೀನ್‌ನಲ್ಲಿ 8 ಬೇಸ್‌ಗಳು (ಡಿಎನ್‌ಎಯ ಅಕ್ಷರಗಳು) ಬಿಟ್ಟುಹೋಗಿರುವುದು ಈ ಕಾಯಿಲೆಯ ಮೂಲ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರಷ್ಟೇ ಮರಿ ತೂರಾಡುತ್ತದೆ. ವಾಹಕವನ್ನು ದೋಷವಿಲ್ಲದ ನಾಯಿಯ ಜೊತೆ ಕೂಡಿಸಿದರೆ ಒಂದು ಮರಿಗೂ ಕಾಯಿಲೆ ಬರದು. ಹುಟ್ಟಿದವನ್ನು ಪರೀಕ್ಷಿಸಿ ದೋಷವಿಲ್ಲದವನ್ನು ಮುಂದಿನ ತಳಿಗೆ ಇಟ್ಟುಕೊಳ್ಳಬಹುದು. ವಾಹಕಗಳನ್ನೆಲ್ಲ ತೆಗೆದುಹಾಕಿದರೆ ತಳಿಯ ವೈವಿಧ್ಯ ಕುಗ್ಗಿ ಬೇರೆ ಕಾಯಿಲೆಗಳು ತಲೆಯೆತ್ತಬಹುದು. ವಾಹಕ-ವಾಹಕ ಜೋಡಿ ಮಾತ್ರ ಬೇಡವೇ ಬೇಡ: ಪ್ರತಿ ಮರಿಗೂ 25% ಅಪಾಯ, ಚೆನ್ನಾಗಿ ಕಾಣುವ ಒಡಹುಟ್ಟುಗಳಲ್ಲೂ ಮೂರರಲ್ಲಿ ಎರಡು ಪಾಲು ವಾಹಕಗಳೇ.

ಜೀನ್ ಪರೀಕ್ಷೆಗೆ ಕೆನ್ನೆಯ ಒಳಗಿನಿಂದ ಸ್ವಾಬ್ (ಹತ್ತಿಕಡ್ಡಿಯ ಮಾದರಿ) ತೆಗೆಯುವಾಗ ಹಾಲು ಕುಡಿಯುವ ಮರಿಯನ್ನು ಒಂದು ಗಂಟೆ ಮೊದಲೇ ತಾಯಿಯಿಂದ ಬೇರೆ ಇಡಿ. ಹಾಲಿನಲ್ಲಿ ತಾಯಿಯ ಜೀವಕೋಶಗಳಿರುತ್ತವೆ, ಫಲಿತಾಂಶ ಕೆಡುತ್ತದೆ.

ಮರಿ ತೂರಾಡಿದರೆ ನಮ್ಮಲ್ಲಿ ಮೊದಲು ಅನುಮಾನಿಸಬೇಕಾದದ್ದು ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆ (ಲಸಿಕೆ ಹಾಕಿಸದ ಮರಿಗಳೇ ಹೆಚ್ಚಲ್ಲವೇ!). ಅದರಲ್ಲಿ ಸ್ನಾಯು ಸೆಳೆತ ನಿದ್ದೆಯಲ್ಲೂ ನಿಲ್ಲದಿರಬಹುದು. ಜ್ವರ, ಮೂಗಿನ ಸೋರಿಕೆ ಸಾಮಾನ್ಯವಾಗಿ ಮೊದಲೇ ಕಂಡಿರುತ್ತವೆ. ಕಿರುಮೆದುಳಿನ ದೋಷದಲ್ಲಿ ತಲೆ ನಡುಗುವುದು ತಟ್ಟೆಗೆ ಬಾಯಿ ಹಾಕುವಾಗ, ಮಲಗಿದರೆ ನಿಲ್ಲುತ್ತದೆ. ಕಾಲಲ್ಲಿ ಶಕ್ತಿ ಇದ್ದೇ ಇರುತ್ತದೆ, ಅಳತೆ ತಪ್ಪಿರುತ್ತದೆ ಅಷ್ಟೇ. ಬೀಗಲ್‌ನಲ್ಲಿ ಇದು ಸುಮಾರು 3 ವಾರಕ್ಕೆ, ನಡೆಯಲು ಶುರುಮಾಡಿದಾಗಲೇ ಗೊತ್ತಾಗುತ್ತದೆ.

ಅಮೆರಿಕನ್ ಸ್ಟ್ಯಾಫರ್ಡ್‌ಶೈರ್ ಟೆರಿಯರ್ ತಳಿಯ ನಾಯಿಗಳಲ್ಲೂ ಕಿರುಮೆದುಳಿನ ಕಾಯಿಲೆ ಇದೆ, ಆದರೆ ಅವನ್ನು ಸಾಕಿದವರಿಗೆ ಬೀಗಲ್‌ನ ಈ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಅವುಗಳಲ್ಲಿ ದೋಷ ಎಆರ್‌ಎಸ್‌ಜಿ ಜೀನ್‌ನದು. ಲಕ್ಷಣ ಸಾಮಾನ್ಯವಾಗಿ 3ರಿಂದ 5 ವರ್ಷಕ್ಕೆ, ಅಂದರೆ ಮರಿ ಹಾಕಿಸಿ ಮಾರಿದ ಮೇಲೆ ಕಾಣುವುದರಿಂದ, ಕೂಡಿಸುವ ಮೊದಲೇ ಆ ಜೀನ್‌ನ ಪರೀಕ್ಷೆ ಮಾಡಿಸಬೇಕು.