ಇಂಜಿನ್ ಇಲ್ಲದ ಗಾಡಿಗೆ ಇಂಧನ ಯಾವುದು?

ಕೋಲಾರದಿಂದ ಮುಳಬಾಗಿಲು ಕಡೆ ಹೋಗೋ ಹೈವೇ ಪಕ್ಕ ಒಂದ್ ಸಾಯಂಕಾಲ ನಿಂತ್ಕೊಂಡ್ ನೋಡಿ, ಟೊಮ್ಯಾಟೊ ಸುಗ್ಗಿ ಇದ್ರಂತೂ ಕೇಳ್ಲೇಬೇಡಿ. ಟ್ರ್ಯಾಕ್ಟರ್ ಹಿಂದೆ ಟ್ರೇಲರ್, ಅದ್ರ ಮೇಲೆ 15 ಕೆಜಿ ಬಾಕ್ಸ್ ಮೇಲೆ ಬಾಕ್ಸ್, ಬಾಕ್ಸ್ ಮೇಲೆ ಇಬ್ರು ಹುಡುಗ್ರು, ಹುಡುಗ್ರ ಕೈಲಿ ಮೊಬೈಲು. ಹಿಂದೆ ನಂಬರ್ ಪ್ಲೇಟ್ ಹುಡುಕ್ಬೇಡಿ, ಇರಲ್ಲ. ಲೈಟೂ ಇರಲ್ಲ. "ತಾಯಿ ತಂದೆಯ ಆಶೀರ್ವಾದ" ಅಂತ ಬರ್ದಿರುತ್ತೆ ನೋಡಿ, ಅದೇ ಇನ್ಶೂರೆನ್ಸು. ಯಾರೂ ನಿಲ್ಸಲ್ಲ. ರೈತ್ರ ಗಾಡಿ ಹಿಡ್ದು ಗೋಳು ಹುಯ್ಕೊಳ್ಳಿ ಅಂತ ನಾನೂ ಹೇಳ್ತಿಲ್ಲ. ಆದ್ರೆ ಇದೇ ರೋಡಲ್ಲಿ, ಕಾಗದ ಪತ್ರ ಎಲ್ಲಾ ಫೈಲ್ ಮಾಡ್ಕೊಂಡು, ಮಿಲಿಟ್ರಿಯೋರು ಮಾರಿದ ಒಂದು ಟ್ರೇಲರ್ ಎಳ್ಕೊಂಡ್ ಬನ್ನಿ ನೋಡೋಣ!

ನಮ್ ಭಾವ ಎಳ್ಕೊಂಡ್ ಬಂದ್ರು.

ಸೇನೆಯ ಹಳೇ ಸಾಮಾನು ಮಾರಾಟ ಈಗ ಆನ್‌ಲೈನ್ ಹರಾಜು, ಎಂಎಸ್‌ಟಿಸಿ ಅಂತ ಕೇಂದ್ರ ಸರ್ಕಾರದ ಕಂಪ್ನಿ ಇದೆಯಲ್ಲ, 1964ರಲ್ಲಿ ಶುರುವಾಗಿದ್ದು, ಅದ್ರ ಮೂಲಕ ನಡೆಯುತ್ತೆ. ಹೆಸರು ನೋಂದಾಯ್ಸಿ, ಠೇವಣಿ ಕಟ್ಟಿ, ರಾತ್ರಿಯೆಲ್ಲ ಸ್ಕ್ರೀನ್ ನೋಡ್ಕೊಂಡು ಕೂತು, ದೊಡ್ಡ ದೊಡ್ಡ ಗುಜರಿ ವ್ಯಾಪಾರಿಗಳ ಜೊತೆ ಪೈಪೋಟಿ ಮಾಡಿ ಭಾವ ಒಂದು ಲಾಟ್ ಹಿಡಿದ್ರು. ಒಂದು ಟನ್ನಿನ ಎರಡು ಚಕ್ರದ ಟ್ರೇಲರ್. ಮೇಲೆ ಜಿಎಸ್‌ಟಿ ಕಟ್ಟಿದ್ರು. ಷರತ್ತು ಎಲ್ಲ ಕಡೆ ಇರೋದೇ: ಎಲ್ಲಿದ್ಯೋ ಅಲ್ಲಿಂದ, ಹೇಗಿದ್ಯೋ ಹಾಗೇ ಎತ್ಕೊಂಡ್ ಹೋಗ್ಬೇಕು, ಗಡುವು ಮೀರಿದ್ರೆ ನೆಲ ಬಾಡಿಗೆ. ಯಾಕ್ ಭಾವ, ಊರಲ್ಲಿ ವೆಲ್ಡಿಂಗ್ ಶಾಪಲ್ಲಿ ಮಾಡ್ಸಿದ್ರೆ ಆಗ್ತಿರ್ಲಿಲ್ವಾ ಅಂದ್ರೆ, "ಸುಮ್ನಿರಪ್ಪ, ಇದು ಗಡೀಲಿ ದುಡಿದಿರೋ ಮಾಲು" ಅಂದ್ರು. ಗಡೀಲಿ ದುಡಿದಿತ್ತೋ ಡಿಪೋ ಹಿಂದೆ ಬೇವಿನ ಮರದ ಕೆಳಗೆ ಮಲಗಿತ್ತೋ ದೇವ್ರಿಗೇ ಗೊತ್ತು.

ಡಿಪೋ ಇದ್ದಿದ್ದು ಚೆನ್ನೈ ಕಡೆ. ಬೊಲೆರೊ ಪಿಕಪ್ ತಗೊಂಡು ಹೋದ್ರು. ಮಿಲಿಟ್ರಿ ಟ್ರೇಲರ್ ಮೂತೀಲಿ ದಪ್ಪ ಕಬ್ಬಿಣದ ಬಳೆ ಇರುತ್ತೆ, ಅದು ಮಿಲಿಟ್ರಿ ಲಾರಿ ಹಿಂದಿನ ಬಾಯಿ ಮುಚ್ಚೋ ಹುಕ್ಕಿಗೆ ಸಿಗಾಕೊಳ್ಳೋಕೆ ಮಾಡಿದ್ದು, ನಮ್ ಪಿಕಪ್ಪಿಗೆ ಅಂಥ ಹುಕ್ ಎಲ್ಲಿಂದ ಬರ್ಬೇಕು. ಅಲ್ಲೇ ಪಕ್ಕದ ವೆಲ್ಡರ್ ಹತ್ರ ಮಾಡಿಸಿದ್ರು, ಸೇಫ್ಟಿ ಚೈನೂ ಹಾಕ್ಸಿದ್ರು, ವೀಲ್ ಬೇರಿಂಗ್ ಬಿಚ್ಚಿ ಹೊಸಾ ಗ್ರೀಸ್ ತುಂಬಿಸಿದ್ರು, ಬಿಸಿಲಿಗೆ ಬಿರುಕು ಬಿಟ್ಟಿದ್ದ ಟೈರ್ ಎರಡೂ ಬದಲಾಯ್ಸಿದ್ರು. ಲೈಟ್ ಸಿಗಾಕ್ಸಿದ್ರೆ ಮಿಣುಕು ಮಿಣುಕು, ಯಾಕಂದ್ರೆ ಅದು 24 ವೋಲ್ಟಿನ ವೈರಿಂಗು, ಬೊಲೆರೊದು 12. ಬಲ್ಬೂ ಬದಲಾಯ್ಸಿದ್ರು, ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿದ್ರು. ಅಂದ್ರೆ ಅವತ್ತು ಆ ಹೈವೇಲಿ ಇಷ್ಟು ನೀಟಾಗಿ ರೆಡಿಯಾಗಿ ಹೊರಟ ಟ್ರೇಲರ್ ಇನ್ನೊಂದಿರ್ಲಿಲ್ಲ, ಅದೇ ತಪ್ಪಾಗಿದ್ದು. ನೀಟಾಗಿದ್ದಿದ್ದೇ ಎಲ್ಲರ ಕಣ್ಣಿಗೆ ಬಿತ್ತು.

ರಾಣಿಪೇಟೆ, ಚಿತ್ತೂರು, ಪಲಮನೇರು, ನಂಗಲಿ, ಮುಳಬಾಗಿಲು. ಮೂರು ರಾಜ್ಯ. ಮೊದಲ್ನೇ ಸಲ ಕೈ ಅಡ್ಡ ಹಾಕಿದೋರು ತಮಿಳಲ್ಲಿ ನಂಬರ್ ಕೇಳಿದ್ರು. ಭಾವ ಟ್ರೇಲರ್ ಮೇಲಿದ್ದ ಮಿಲಿಟ್ರಿ ನಂಬರ್ ತೋರ್ಸಿದ್ರು, ಮೇಲ್ಮುಖ ಬಾಣದ ಗುರುತು, ಆಮೇಲೆ ಸೇನೆ ತಗೊಂಡ ವರ್ಷದ ಎರಡಂಕಿ, ಆಮೇಲೆ ಅಕ್ಷರ, ಸಂಖ್ಯೆ. ಬಾಣ ನೋಡಿ ಆ ಪುಣ್ಯಾತ್ಮ ಮೊದ್ಲು ಸಲ್ಯೂಟ್ ಹೊಡ್ದು, ಆಮೇಲೆ ಭಾವನ ಲುಂಗಿ ನೋಡಿ ಸಲ್ಯೂಟ್ ವಾಪಸ್ ತಗೊಂಡ.

ಆಂಧ್ರಕ್ಕೆ ಬಂದ್ಮೇಲೆ ಪ್ರಶ್ನೆ ಇನ್ನೂ ಮೇಲ್ಮಟ್ಟಕ್ಕೆ ಹೋಯ್ತು. "ಏಮಿಟಪ್ಪಾ ಇದಿ, ಬಂಡಿನಾ ಸರುಕಾ?" ಕೋಲಾರದೋರಿಗೆ ತೆಲುಗು ಹೇಳ್ಕೊಡ್ಬೇಕಾ, ಭಾವ ಚೆನ್ನಾಗೇ ವಾದ ಮಾಡಿದ್ರು. ಆದ್ರೆ ಸಿಗಾಕೊಂಡ್ರು. ಸರಕು ಅಂದ್ರೆ ಬೆಲೆ 50 ಸಾವಿರ ದಾಟಿದೆ, ಸರಕು ಸಾಗ್ಸೋಕೆ ಬೇಕಾದ ಜಿಎಸ್‌ಟಿ ಚೀಟಿ, ಅದೇ ಇ-ವೇ ಬಿಲ್, ತೆಗಿ. ಗಾಡಿ ಅಂದ್ರೆ ರಿಜಿಸ್ಟ್ರೇಷನ್ ತೆಗಿ. ಇದನ್ನೇ ಒಂದು ಲಾರಿ ಮೇಲೆ ಹತ್ಸಿದ್ರೆ ಅದು ಸರಕು, ಯಾರ ತಕರಾರೂ ಇಲ್ಲ. ಕೆಳಗಿಳ್ಸಿ ಅದರದ್ದೇ ಚಕ್ರದ ಮೇಲೆ ಉರುಳಿಸಿದ್ರೆ ಅಪರಾಧ. ಚಕ್ರ ಇರೋದು ಯಾತಕ್ಕೆ ಸ್ವಾಮಿ ಅಂತ ಭಾವ ಕೇಳಿದ್ದಕ್ಕೆ "ಅದು ನಮ್ಮ ಡಿಪಾರ್ಟ್ಮೆಂಟ್ ಅಲ್ಲ" ಅಂದ್ರಂತೆ. ಪುಣ್ಯಕ್ಕೆ ಭಾವನ ಹತ್ರ ಇ-ವೇ ಬಿಲ್ಲೂ ಇತ್ತು, ಹೊಸಾ ಗಾಡಿಗೆ ಕೊಡೋ ಥರ ತಾತ್ಕಾಲಿಕ ನಂಬರೂ ಇತ್ತು. ಎರಡೂ ತೋರ್ಸಿದ್ರು. ಎರಡೂ ಯಾಕಿದೆ ಅಂತ ಅನುಮಾನ ಬಂತು.

ಟೋಲಲ್ಲಿ ಬೇರೆ ಕಥೆ. ಪಿಕಪ್ಪಿನದು ಎರಡು ಆಕ್ಸಲ್, ಟ್ರೇಲರಿನದು ಒಂದು, ಒಟ್ಟು ಮೂರು, ಅಲ್ಲಿಗೆ ನಮ್ ಬೊಲೆರೊ ಲಾರಿ ಆಗೋಯ್ತು. ಅಲ್ಲೇ ಒಬ್ರು ಲೈಸೆನ್ಸ್ ತಗೊಂಡು ಇದು ಬರೀ ಎಲ್‌ಎಂವಿ, ಅಂದ್ರೆ ಲಘು ವಾಹನದ ಲೈಸೆನ್ಸು, ಟ್ರಾನ್ಸ್‌ಪೋರ್ಟ್ ಗಾಡಿ ಓಡ್ಸಂಗಿಲ್ಲ ಅಂದ್ರು. ಭಾವ ಪೇಪರ್ ಓದೋ ಮನುಷ್ಯ. 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಸಾಕು ಅಂತ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠನೇ ಹೇಳಿದೆ ಸಾರ್ ಅಂದ್ರು. "ಅದು ದಿಲ್ಲಿ ಕಣ್ರೀ, ಇದು ಹೈವೇ." ಇಷ್ಟೂ ಮಾತು ನಡೀತಿರೋವಾಗ ಪಕ್ಕದ ದಾರೀಲಿ ನಂಬರಿಲ್ಲದ ಎರಡು ಟ್ರೇಲರ್ ಒಂದರ ಹಿಂದೆ ಒಂದು ಕಟ್ಕೊಂಡು ಹುಲ್ಲು ಹೇರ್ಕೊಂಡು ಒಬ್ಬ ಹೋದ, ಹುಲ್ಲು ಸಾಹೇಬ್ರ ಟೋಪಿಗೆ ಸವರ್ಕೊಂಡು ಹೋಯ್ತು, ಅವರು ತಲೆ ಬಗ್ಸಿ ದಾರಿ ಬಿಟ್ರು. ಅಲ್ಲಿ ನಿಲ್ಸಿದ್ರೆ ಕೇಳೋಕೆ ಏನೂ ಇಲ್ಲ ನೋಡಿ, ಹತ್ತು ಕಾಗದ ಇಟ್ಕೊಂಡೋನು ಸಿಕ್ಕಿದ್ರೆ ಹನ್ನೊಂದನೇದು ಕೇಳಬಹುದು.

ಊರು ಸೇರಿದ್ಮೇಲೆ ಪರ್ಮನೆಂಟ್ ರಿಜಿಸ್ಟ್ರೇಷನ್ನು. ಯಾವ ಆಫೀಸು ಅಂತ ಬೇಡ ಬಿಡಿ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಟ್ರೇಲರ್ರೂ ಮೋಟಾರು ವಾಹನನೇ, ಮೋಟಾರ್ ಇಲ್ದಿದ್ರೂನೂ. ಮಿಲಿಟ್ರಿ ಹರಾಜಿನ ಗಾಡಿಗೆ ಸೇನೆಯ ಅಧಿಕಾರಿ ಕೊಡೋ ಮಾರಾಟ ಪತ್ರ ಫಾರಂ 21 ಬೇಕು, ಇತ್ತು. ಅರ್ಜಿ ಫಾರಂ 20, ತುಂಬಿದ್ರು. ಆಗ ಎದ್ದಿದ್ದು ಬಣ್ಣದ ಪ್ರಶ್ನೆ. ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆ ಗಾಡಿಗೆ ಮಾತ್ರ, ಬೇರೆಯೋರು ಹೊಡೀಬಾರ್ದು ಅಂತ ನಿಯಮಾನೇ ಇದೆ, ಒಳ್ಳೇ ನಿಯಮ. ಬಣ್ಣ ಬದಲಾಯಿಸ್ಕೊಂಡ್ ಬನ್ನಿ ಅಂದ್ರು. ಭಾವ ನೀಲಿ ಹೊಡ್ಸಿ ತಂದ್ರು. ಇನ್ಸ್‌ಪೆಕ್ಟರ್ ಬಂದು ನೋಡಿ, ಫಾರಂ 21ರಲ್ಲಿರೋ ಬಾಣದ ನಂಬರ್ ಎಲ್ಲಿ ಅಂದ್ರು. ನೀಲಿ ಕೆಳಗಿದೆ ಸಾರ್. ಕೆರೆದು ತೋರ್ಸಿ. ಕೆರೆದ್ರು, ಬಾಣ ಬಂತು, ಬಾಣದ ಸುತ್ತ ಒಂದು ಗೇಣು ಆಲಿವ್ ಗ್ರೀನೂ ಬಂತು. "ಇನ್ನೂ ಮಿಲಿಟ್ರಿ ಬಣ್ಣ ಇದೆಯಲ್ರೀ?"

ಫಾರಂ 20ರಲ್ಲಿ ಆಸನ ಸಂಖ್ಯೆ ಕೇಳ್ತಾರೆ. ಭಾವ ಸೊನ್ನೆ ಅಂತ ಬರೆದ್ರು, ಪ್ರಾಮಾಣಿಕ ಮನುಷ್ಯ. ಎಲೆಕ್ಷನ್ ಸಮಾವೇಶದ ದಿನ ಇಂಥದ್ದೇ ಟ್ರೇಲರಲ್ಲಿ ಜನ ತುಂಬ್ಕೊಂಡು ಬರ್ತಾರಲ್ಲ, ಅವತ್ತು ಆ ಕಾಲಂ ನೋಡೋರು ಯಾರೂ ಇರಲ್ಲ ಬಿಡಿ, ಅವತ್ತು ಎಲ್ರೂ ಬಂದೋಬಸ್ತ್ ಡ್ಯೂಟೀಲಿರ್ತಾರೆ. ಸಿಲಿಂಡರ್ ಎಷ್ಟು, ಹಾರ್ಸ್ ಪವರ್ ಎಷ್ಟು, ಅನ್ನೋದಕ್ಕೆಲ್ಲ ಗೆರೆ ಎಳೆದಿದ್ರು. "ಗೆರೆ ಎಳೀಬಾರ್ದು, ಭರ್ತಿ ಮಾಡ್ಬೇಕು. ಇಂಧನ ಯಾವುದು?" ಅಂತ ಗುಮಾಸ್ತರು ಫೈಲ್ ವಾಪಸ್ ಕೊಟ್ರು. ಇಂಜಿನ್ನೇ ಇಲ್ವಲ್ಲ ಮೇಡಂ ಅಂದ್ರೆ, "ಅದನ್ನ ಬರೆಸ್ಕೊಂಡ್ ಬನ್ನಿ, ಇಂಜಿನ್ ಇಲ್ಲ ಅಂತ ಇಂಜಿನ್ ತಜ್ಞರ ಹತ್ರ" ಅಂದ್ರು.

ಹೊರಗೆ ಜೆರಾಕ್ಸ್ ಅಂಗಡಿ ಹತ್ರ ನಿಂತಿರ್ತಾನಲ್ಲ ಏಜೆಂಟು, ಅವನೇ ಕರುಣೆ ತೋರ್ಸಿದ್ದು. "ಡೀಸೆಲ್ ಅಂತ ಹಾಕ್ಬಿಡಿ ಅಣ್ಣ, ತಲೆ ಕೆಡಿಸ್ಕೊಬೇಡಿ." ಹಾಕಿದ್ರು. ಫೈಲು ಸರಸರ ಅಂತ ಮುಂದಿನ ಟೇಬಲ್ಲಿಗೆ ಹೋಯ್ತು, ಭಾವ ಅವನಿಗೆ ಕಾಫಿ ಕೊಡಿಸಿ ಬಂದ್ರು. ಮುಂದಿನ ಟೇಬಲ್ಲಿಂದ ಆಕ್ಷೇಪಣೆ ಬಂತು: ಡೀಸೆಲ್ ವಾಹನ, ಹೊಗೆ ತಪಾಸಣೆ ಸರ್ಟಿಫಿಕೇಟ್ ಲಗತ್ತಿಸಿಲ್ಲ.

ಈಗ ಭಾವ ಪೆಟ್ರೋಲ್ ಬಂಕ್ ಪಕ್ಕದ ಹೊಗೆ ಟೆಸ್ಟ್ ಮಾಡೋ ಕಡೆ ಟ್ರೇಲರ್ ಎಳ್ಕೊಂಡ್ ಹೋಗಿ ನಿಂತಿದಾರೆ. ಆ ಹುಡುಗ ಪೈಪ್ ಹಿಡ್ಕೊಂಡು ಟ್ರೇಲರ್ ಸುತ್ತ ಎರಡು ರೌಂಡ್ ಹೊಡ್ದು, ಕೆಳಗೆ ಬಗ್ಗಿ ನೋಡಿ, ಸೈಲೆನ್ಸರ್ ಎಲ್ಲಿದೆ ಅಣ್ಣಾ ಅಂದ.

"ಅದೆಲ್ಲ ನಿಂಗ್ಯಾಕಪ್ಪ, ಪಾಸೋ ಫೇಲೋ ಅಷ್ಟು ಬರ್ಕೊಡು."